ಸಿಎ ಬೇರೆ, ಸಿಪಿಎ ಬೇರೆ: ನಿಮ್ಮ ‘ಆಡಿಟರ್’ ಹಾಕೋ ಸಹಿ ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ?

ನಮ್ಮ ಕಡೆ ಲೆಕ್ಕಪತ್ರ ನೋಡೋರೆಲ್ಲ ‘ಆಡಿಟರ್’. ಜಿಎಸ್‌ಟಿ ರಿಟರ್ನ್ ಹಾಕಿಕೊಡುವವರು ಆಡಿಟರ್, ಬ್ಯಾಂಕ್ ಲೋನಿಗೆ ಬ್ಯಾಲೆನ್ಸ್ ಶೀಟ್ ಮಾಡಿಕೊಡುವವರು ಆಡಿಟರ್, ಸೊಸೈಟಿ ಲೆಕ್ಕ ತಪಾಸಣೆಗೆ ಬರುವವರೂ ಆಡಿಟರ್. ಬೋರ್ಡಿನಲ್ಲಿ ಹೆಸರಿನ ಪಕ್ಕ ಯಾವ ಅಕ್ಷರ ಇದೆ ಅಂತ ಹೆಚ್ಚಿನವರು ನೋಡುವುದೇ ಇಲ್ಲ. ಕೆಲಸ ಸಲೀಸಾಗಿ ನಡೆಯುವ ತನಕ ನೋಡುವ ಅಗತ್ಯವೂ ಬೀಳಲ್ಲ.

ಈಗ ಈ ಗೊಂದಲಕ್ಕೆ ಇನ್ನೊಂದು ಹೆಸರು ಸೇರಿಕೊಂಡಿದೆ: ಸಿಪಿಎ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ಮಕ್ಕಳ ಬಾಯಲ್ಲಿ, ಕೋಚಿಂಗ್ ಜಾಹೀರಾತಿನಲ್ಲಿ, ಅಮೆರಿಕದಲ್ಲಿರುವ ನೆಂಟರ ಫೋನಿನಲ್ಲಿ ಈ ಮಾತು ಕೇಳಿಬರುತ್ತಿದೆ. ‘ಸಿಎಗಿಂತ ಸಿಪಿಎ ದೊಡ್ಡದಂತೆ’, ‘ಸಿಪಿಎ ಆದ್ರೆ ಇಲ್ಲೂ ಆಡಿಟ್ ಮಾಡಬಹುದಂತೆ’ ಅನ್ನುವ ಮಾತೂ ಇದೆ. ಎರಡೂ ಸರಿಯಲ್ಲ.

ಲೆಕ್ಕವನ್ನು ಯಾರು ಬೇಕಾದರೂ ಬರೆಯಬಹುದು. ಆ ಲೆಕ್ಕ ಸರಿ ಇದೆ ಅಂತ ಕಾನೂನಿನ ಪ್ರಕಾರ ಸಹಿ ಹಾಕುವ ಅಧಿಕಾರ ಮಾತ್ರ ಲೈಸೆನ್ಸ್ ಇದ್ದವರಿಗೆ, ಅದೂ ಲೈಸೆನ್ಸ್ ಕೊಟ್ಟ ದೇಶದೊಳಗೆ. ಅಂಗಡಿ ನಡೆಸುವವರು, ಮಗ ಮಗಳು ಹೊರದೇಶದಲ್ಲಿ ಇರುವವರು, ಮುಂದೆ ಏನು ಓದಬೇಕು ಅಂತ ಯೋಚಿಸುತ್ತಿರುವ ಪಿಯುಸಿ ವಿದ್ಯಾರ್ಥಿಗಳು, ಮೂವರಿಗೂ ಈ ವ್ಯತ್ಯಾಸ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹೋಗುವುದು ನಮ್ಮದೇ ದುಡ್ಡು.

ಹೆಸರು ಬಂದದ್ದು ಎಲ್ಲಿಂದ?

ಸಿಎ ಅಂದರೆ ಚಾರ್ಟರ್ಡ್ ಅಕೌಂಟೆಂಟ್. ‘ಚಾರ್ಟರ್’ ಅಂದರೆ ರಾಜ ಅಥವಾ ರಾಣಿ ಕೊಡುತ್ತಿದ್ದ ಸನದು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಲೆಕ್ಕಿಗರ ಸಂಘಕ್ಕೆ 1854ರಲ್ಲಿ ಅಂಥ ಸನದು ಸಿಕ್ಕಿತು. 1880ರಲ್ಲಿ ಇಂಗ್ಲೆಂಡಿನ ಸಂಸ್ಥೆಗೂ ಸಿಕ್ಕಿತು. ಬ್ರಿಟಿಷರ ಆಳ್ವಿಕೆ ಇದ್ದ ಕಡೆಗಳಿಗೆಲ್ಲ ಹೆಸರು ಹಬ್ಬಿತು.

ನಮ್ಮಲ್ಲಿ ಬ್ರಿಟಿಷರ ಕಾಲದಲ್ಲಿ ‘ರಿಜಿಸ್ಟರ್ಡ್ ಅಕೌಂಟೆಂಟ್’ ಅನ್ನುವ ಹೆಸರಿತ್ತು. ಸ್ವಾತಂತ್ರ್ಯ ಬಂದ ಮೇಲೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಬಂತು. ಅದು ಜಾರಿಯಾದದ್ದು 1949ರ ಜುಲೈ 1ರಂದು. ಅದಕ್ಕೇ ಪ್ರತಿ ವರ್ಷ ಜುಲೈ 1 ‘ಸಿಎ ದಿನ’. ಆ ಕಾಯ್ದೆಯಿಂದ ಹುಟ್ಟಿದ್ದು ಐಸಿಎಐ, ಅಂದರೆ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ. ಹೆಸರಿನಲ್ಲಿ ಚಾರ್ಟರ್ಡ್ ಅಂತಿದ್ದರೂ ನಮ್ಮ ಸಿಎಗಳಿಗೆ ಅಧಿಕಾರ ಕೊಟ್ಟದ್ದು ರಾಣಿಯ ಸನದು ಅಲ್ಲ, ನಮ್ಮದೇ ದೇಶದ ಕಾಯ್ದೆ.

ಸಿಪಿಎ ಅಂದರೆ ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್. ಇದು ಅಮೆರಿಕದ ಹೆಸರು. 1896ರಲ್ಲಿ ನ್ಯೂಯಾರ್ಕ್ ರಾಜ್ಯ ಮೊದಲ ಬಾರಿಗೆ ಇದಕ್ಕೆ ಕಾನೂನು ಮಾಡಿತು. ಬೇರೆ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಇಂದಿಗೂ ಅಲ್ಲಿ ಸಿಪಿಎ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ರಾಜ್ಯಗಳ ಅಕೌಂಟೆನ್ಸಿ ಬೋರ್ಡ್‌ಗಳು. 50 ರಾಜ್ಯಗಳ ಜೊತೆ ರಾಜಧಾನಿ ವಾಷಿಂಗ್ಟನ್, ಗುವಾಮ್, ಪೋರ್ಟೊರಿಕೊ ಮುಂತಾದವೂ ಸೇರಿ ಒಟ್ಟು 55 ಬೋರ್ಡ್‌ಗಳಿವೆ. ನಮ್ಮ ವಕೀಲರಿಗೆ ರಾಜ್ಯ ವಕೀಲರ ಪರಿಷತ್ತು ಸನದು ಕೊಡುವ ಹಾಗೆ ಅಂದುಕೊಳ್ಳಿ.

ಇನ್ನೊಂದು ಮಾತು. ಸಿಪಿಎ ಅನ್ನುವ ಮೂರಕ್ಷರ ಅಮೆರಿಕದಲ್ಲಿ ಮಾತ್ರ ಇಲ್ಲ. ಕೆನಡಾದಲ್ಲಿ ಸಿಎ ಸೇರಿದಂತೆ ಮೊದಲಿದ್ದ ಮೂರು ಹೆಸರುಗಳನ್ನು ಸೇರಿಸಿ ಈಗ ‘ಚಾರ್ಟರ್ಡ್ ಪ್ರೊಫೆಷನಲ್ ಅಕೌಂಟೆಂಟ್’ ಅಂತ ಮಾಡಿದ್ದಾರೆ, ಅದೂ ಸಿಪಿಎ. ಆಸ್ಟ್ರೇಲಿಯಾದಲ್ಲೂ ಸಿಪಿಎ ಇದ್ದಾರೆ. ಹಾಗಾಗಿ ಯಾರಾದರೂ ‘ನಾನು ಸಿಪಿಎ’ ಅಂದರೆ ಮೊದಲ ಪ್ರಶ್ನೆ ‘ಯಾವ ದೇಶದ್ದು?’ ಅಂತಲೇ ಇರಬೇಕು. ಈ ಬರಹದಲ್ಲಿ ಸಿಪಿಎ ಅಂದರೆ ಅಮೆರಿಕದ ಸಿಪಿಎ.

ಭಾರತದಲ್ಲಿ ಸಿಎಗೆ ಮಾತ್ರ ಇರುವ ಅಧಿಕಾರ

2013ರ ಕಂಪನಿ ಕಾಯ್ದೆಯ 141ನೇ ಕಲಂ ಪ್ರಕಾರ ಕಂಪನಿಯ ಆಡಿಟರ್ ಆಗಬೇಕಾದರೆ ಚಾರ್ಟರ್ಡ್ ಅಕೌಂಟೆಂಟ್ ಆಗಿರಲೇಬೇಕು. ಆದಾಯ ತೆರಿಗೆ ಕಾನೂನಿನಲ್ಲೂ ಆಡಿಟ್ ವರದಿಗೆ ಸಹಿ ಹಾಕುವ ‘ಅಕೌಂಟೆಂಟ್’ ಅಂದರೆ ಪ್ರಾಕ್ಟೀಸ್ ಸರ್ಟಿಫಿಕೇಟ್ ಇರುವ ಸಿಎ. ಅಮೆರಿಕದ ಸಿಪಿಎ ಎಷ್ಟೇ ಅನುಭವಿ ಆಗಿರಲಿ, ಆ ಒಂದು ಲೈಸೆನ್ಸ್ ಇಟ್ಟುಕೊಂಡು ನಮ್ಮ ಊರಿನ ಅಂಗಡಿಯ ಟ್ಯಾಕ್ಸ್ ಆಡಿಟ್‌ಗೆ ಸಹಿ ಹಾಕುವಂತಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಸಿಪಿಎ ಅನ್ನುವ ಲೈಸೆನ್ಸೇ ಇಲ್ಲ.

ತಿರುಗಿಸಿ ನೋಡಿದರೂ ಅಷ್ಟೇ. ಇಲ್ಲಿನ ಸಿಎ ಅಮೆರಿಕಕ್ಕೆ ಹೋಗಿ ಅಲ್ಲಿನ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕಲಾಗದು. ಅಲ್ಲಿನ ಸಿಪಿಎ ಪರೀಕ್ಷೆ ಪಾಸು ಮಾಡಿ, ಯಾವುದಾದರೂ ರಾಜ್ಯದ ಲೈಸೆನ್ಸ್ ಪಡೆಯಬೇಕು. ಎರಡೂ ಮಾಡಿಕೊಂಡವರು ಇದ್ದಾರೆ, ಅವರಿಗೆ ಎರಡೂ ಕಡೆ ಅಧಿಕಾರ ಇರುತ್ತದೆ.

ಸಿಎ ಓದಿದವರೆಲ್ಲ ಆಡಿಟ್ ಮಾಡಬಹುದು ಅಂತಲೂ ಇಲ್ಲ. ಕಂಪನಿಯಲ್ಲೋ ಬ್ಯಾಂಕಿನಲ್ಲೋ ಸಂಬಳಕ್ಕೆ ಕೆಲಸ ಮಾಡುವ ಸಿಎ ಆಡಿಟ್ ವರದಿಗೆ ಸಹಿ ಹಾಕುವ ಹಾಗಿಲ್ಲ. ಸ್ವಂತ ಆಫೀಸು ಇಟ್ಟು ಪೂರ್ಣಾವಧಿ ಪ್ರಾಕ್ಟೀಸ್ ಮಾಡುವ ಸರ್ಟಿಫಿಕೇಟ್ ಬೇಕು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಸಂಬಂಧಿಕರ ಮಗ ಸಿಎ ಆಗಿದ್ದರೆ ಅವರಿಂದ ಸಲಹೆ ಕೇಳಿ, ಆಡಿಟ್ ಸಹಿ ಕೇಳಬೇಡಿ.

ಅಂಗಡಿಯವರಿಗೆ ಸಿಎ ಯಾವಾಗ ಬೇಕೇಬೇಕು?

ಮೊದಲನೆಯದು ಟ್ಯಾಕ್ಸ್ ಆಡಿಟ್. ವ್ಯಾಪಾರದ ವರ್ಷದ ವಹಿವಾಟು 1 ಕೋಟಿ ದಾಟಿದರೆ ಸಿಎ ಆಡಿಟ್ ಬೇಕು. ಆದರೆ ನಗದು ವ್ಯವಹಾರ ತುಂಬಾ ಕಡಿಮೆ ಇದ್ದರೆ, ಅಂದರೆ ಬಂದ ಹಣದಲ್ಲೂ ಕೊಟ್ಟ ಹಣದಲ್ಲೂ ನಗದು ಶೇ 5ರ ಒಳಗಿದ್ದರೆ, ಈ ಮಿತಿ 10 ಕೋಟಿ. ಎರಡೂ ಕಡೆ ಶೇ 5ರ ಒಳಗಿರಬೇಕು ಅನ್ನುವುದನ್ನು ಮರೆಯಬೇಡಿ. ಗಿರಾಕಿಗಳೆಲ್ಲ ಫೋನ್‌ಪೇ ಮಾಡಿದರೂ ಮಾಲಿಗೆ, ಕೂಲಿಗೆ ನೀವು ಕೈಯಲ್ಲಿ ದುಡ್ಡು ಎಣಿಸಿ ಕೊಡುತ್ತಿದ್ದರೆ ಈ ಸೌಲಭ್ಯ ಸಿಗಲ್ಲ.

ಡಾಕ್ಟರು, ವಕೀಲರು, ಎಂಜಿನಿಯರುಗಳಂಥ ವೃತ್ತಿಯವರಿಗೆ ಈ ಮಿತಿ ಸಾಮಾನ್ಯವಾಗಿ 50 ಲಕ್ಷ.

ಎರಡನೆಯದು ಕಂಪನಿ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರೆ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಪ್ರತಿ ವರ್ಷ ಸಿಎ ಆಡಿಟ್ ಆಗಲೇಬೇಕು. ಯಾರೋ ಹೇಳಿದರು ಅಂತ ಕಂಪನಿ ರಿಜಿಸ್ಟರ್ ಮಾಡಿಸಿ, ಆಮೇಲೆ ‘ವ್ಯಾಪಾರವೇ ಇಲ್ಲ, ಆಡಿಟ್ ಯಾಕೆ’ ಅಂತ ಬಿಟ್ಟವರಿಗೆ ದಂಡದ ಬಿಲ್ಲು ಬೆಳೆಯುತ್ತಾ ಹೋಗುತ್ತದೆ. ಎಲ್‌ಎಲ್‌ಪಿ ಆದರೆ ವಹಿವಾಟು 40 ಲಕ್ಷ ಅಥವಾ ಪಾಲುದಾರರ ಬಂಡವಾಳ 25 ಲಕ್ಷ ದಾಟಿದಾಗ ಆಡಿಟ್ ಬೇಕು. ಸಾಮಾನ್ಯ ಪಾಲುದಾರಿಕೆ ಫರ್ಮ್‌ಗೆ ಟ್ಯಾಕ್ಸ್ ಆಡಿಟ್ ಮಿತಿಯೇ ಲೆಕ್ಕ.

ಮೂರನೆಯದು ಟ್ರಸ್ಟ್. ಶಾಲೆ, ದೇವಸ್ಥಾನ, ಸಮುದಾಯ ಭವನ ನಡೆಸುವ ಟ್ರಸ್ಟ್‌ಗಳು ಆದಾಯ ತೆರಿಗೆ ವಿನಾಯಿತಿ ಪಡೆದಿದ್ದು, ವಿನಾಯಿತಿಗೆ ಮುಂಚಿನ ಆದಾಯ ತೆರಿಗೆ ಇಲ್ಲದ ಮಿತಿಯನ್ನು ದಾಟಿದರೆ ಸಿಎ ಆಡಿಟ್ ವರದಿ ಬೇಕು. ಅದು ತಪ್ಪಿದರೆ ವಿನಾಯಿತಿಗೇ ಕುತ್ತು.

ನಾಲ್ಕನೆಯದು ಬ್ಯಾಂಕ್. ಸಿಸಿ ಸಾಲ ಮಂಜೂರಾತಿ, ವರ್ಷಕ್ಕೊಮ್ಮೆ ಅದರ ರಿನ್ಯೂವಲ್, ಮಕ್ಕಳ ವಿದೇಶ ವಿದ್ಯಾಭ್ಯಾಸಕ್ಕೆ ಆಸ್ತಿ ಮೌಲ್ಯದ ಪ್ರಮಾಣಪತ್ರ, ಇಂಥ ಕಡೆ ಬ್ಯಾಂಕಿನವರು ಸಿಎ ಸಹಿ ಕೇಳುತ್ತಾರೆ.

ಒಬ್ಬ ಸಿಎ ವರ್ಷಕ್ಕೆ ಸಹಿ ಹಾಕಬಹುದಾದ ಟ್ಯಾಕ್ಸ್ ಆಡಿಟ್‌ಗಳಿಗೆ 60ರ ಮಿತಿ ಇದೆ. ಆಡಿಟ್ ವರದಿಯ ಕೊನೆ ದಿನ ಸಾಮಾನ್ಯವಾಗಿ ಸೆಪ್ಟೆಂಬರ್ 30. ಗಣಪತಿ ಹಬ್ಬ ಮುಗಿದ ಮೇಲೆ ಪುಸ್ತಕ ಹಿಡಿದುಕೊಂಡು ಹೋದರೆ ‘ಈ ವರ್ಷ ಆಗಲ್ಲ’ ಅನ್ನುವ ಮಾತು ಕೇಳಬೇಕಾಗಬಹುದು. ಆಡಿಟ್ ಮಾಡಿಸಬೇಕಾಗಿದ್ದೂ ಮಾಡಿಸದಿದ್ದರೆ 1961ರ ಕಾಯ್ದೆಯಲ್ಲಿ ವಹಿವಾಟಿನ ಶೇ 0.5 ಅಥವಾ 1.5 ಲಕ್ಷ ರೂಪಾಯಿ, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ದಂಡಕ್ಕೆ ಅವಕಾಶವಿದೆ.

ಗಮನಿಸಿ: 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಕಲಂ ನಂಬರ್, ಫಾರಂ ನಂಬರ್ ಬದಲಾಗಿವೆ. ಅದಕ್ಕಿಂತ ಹಿಂದಿನ ವರ್ಷಗಳ ಲೆಕ್ಕಕ್ಕೆ ಹಳೇ ಕಾಯ್ದೆಯೇ ಅನ್ವಯ. ‘44ಎಬಿ ಆಡಿಟ್’ ಅಂತ ಕೇಳಿ ರೂಢಿಯಾದವರಿಗೆ ಹೊಸ ನಂಬರ್ ಕಂಡರೆ ಗಾಬರಿ ಬೇಡ, ನಿಮ್ಮ ವರ್ಷಕ್ಕೆ ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಸಿಎ ಇಲ್ಲದೆಯೂ ಆಗುವ ಕೆಲಸ

ಆದಾಯ ತೆರಿಗೆ ರಿಟರ್ನ್ ನೀವೇ ಹಾಕಬಹುದು, ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ರವೂ ಹಾಕಿಸಬಹುದು. ಚಿಕ್ಕ ವ್ಯಾಪಾರಿಗಳಿಗೆ ಅಂದಾಜು ಲಾಭದ ಯೋಜನೆ ಇದೆ. ವಹಿವಾಟು 2 ಕೋಟಿಯೊಳಗಿದ್ದರೆ, ನಗದು ಶೇ 5ರೊಳಗಿದ್ದವರಿಗೆ 3 ಕೋಟಿಯೊಳಗಿದ್ದರೆ, ಬ್ಯಾಂಕ್ ಮೂಲಕ ಬಂದ ಹಣದ ಮೇಲೆ ಶೇ 6, ನಗದಿನ ಮೇಲೆ ಶೇ 8 ಲಾಭ ಅಂತ ತೋರಿಸಿ ತೆರಿಗೆ ಲೆಕ್ಕ ಹಾಕಬಹುದು. ಆಗ ಆಡಿಟ್ ಬೇಕಿಲ್ಲ. ಆದರೆ ಒಮ್ಮೆ ಒಳಗೆ ಹೋದವರು ಐದು ವರ್ಷದೊಳಗೆ ಬಿಟ್ಟು ಹೊರಬಂದರೆ ತೊಡಕಿದೆ. ಹೋಗುವ ಮುಂಚೆ ಕೇಳಿಕೊಂಡು ಹೋಗಿ.

ಜಿಎಸ್‌ಟಿ ರಿಟರ್ನ್‌ಗೂ ಸಿಎ ಕಡ್ಡಾಯವಲ್ಲ. ಜಿಎಸ್‌ಟಿ ಪ್ರಾಕ್ಟೀಷನರ್ ಅಂತಲೇ ಇಲಾಖೆಯಲ್ಲಿ ನೋಂದಾಯಿಸಿಕೊಂಡವರಿದ್ದಾರೆ. ಹಿಂದೆ ದೊಡ್ಡ ವಹಿವಾಟಿನವರ ಜಿಎಸ್‌ಟಿ ವಾರ್ಷಿಕ ಲೆಕ್ಕಕ್ಕೆ ಸಿಎ ಅಥವಾ ಕಾಸ್ಟ್ ಅಕೌಂಟೆಂಟ್ ಪ್ರಮಾಣಪತ್ರ ಬೇಕಿತ್ತು. 2020-21ರ ಲೆಕ್ಕದಿಂದ ಅದನ್ನು ತೆಗೆದು, ವ್ಯಾಪಾರಿಯೇ ದೃಢೀಕರಿಸುವ ಹಾಗೆ ಮಾಡಿದ್ದಾರೆ. ಸಹಿ ನಿಮ್ಮದಾದ ಮೇಲೆ ಜವಾಬ್ದಾರಿಯೂ ನಿಮ್ಮದೇ.

ನಮ್ಮ ತಾಲ್ಲೂಕು ಮಟ್ಟದ ವ್ಯಾಪಾರದ ಬಹುಪಾಲು ದಿನನಿತ್ಯದ ಕೆಲಸ ನಡೆಸಿಕೊಡುತ್ತಿರುವವರು ಈ ಪ್ರಾಕ್ಟೀಷನರ್‌ಗಳೇ. ಸೇಲ್ಸ್ ಟ್ಯಾಕ್ಸ್ ಕಾಲದಿಂದ, ವ್ಯಾಟ್ ದಾಟಿ, ಜಿಎಸ್‌ಟಿವರೆಗೆ ಬಂದ ಅನುಭವಿಗಳಿದ್ದಾರೆ. ಅವರ ಹತ್ರ ಹೋಗುವುದರಲ್ಲಿ ತಪ್ಪೇನಿಲ್ಲ. ಸಿಎ ಸಹಿ ಬೇಕಾದ ಕಡೆ ಆ ಸಹಿ ಯಾರದ್ದು, ಆ ಸಿಎ ನಿಮ್ಮ ಪುಸ್ತಕ ನಿಜವಾಗಿ ನೋಡಿದ್ದಾರಾ ಅಂತ ಕೇಳಿಕೊಳ್ಳಿ, ಅಷ್ಟೇ. ‘ಸಹಿ ಮೇಲಿಂದ ಮಾಡಿಸಿ ಕೊಡ್ತೀವಿ’ ಅಂದರೆ ಕಿವಿ ನಿಮಿರಬೇಕು.

ಹಾಗಾದರೆ ಉಳಿದವರು ಯಾರು?

ಸಿಎಂಎ: ಕಾಸ್ಟ್ ಅಕೌಂಟೆಂಟ್. 1959ರ ಪ್ರತ್ಯೇಕ ಕಾಯ್ದೆಯಡಿ ಬಂದವರು. ಕಾರ್ಖಾನೆಗಳ ಉತ್ಪಾದನಾ ವೆಚ್ಚದ ಆಡಿಟ್ ಇವರದ್ದು.

ಸಿಎಸ್: ಕಂಪನಿ ಸೆಕ್ರೆಟರಿ. 1980ರ ಕಾಯ್ದೆ. ಕಂಪನಿಗಳ ಕಾನೂನು ಕಾಗದಪತ್ರ ಇವರ ಕೆಲಸ.

ಸಹಕಾರ ಸಂಘಗಳ ಲೆಕ್ಕ ನೋಡುವುದಕ್ಕೆ ರಾಜ್ಯದಲ್ಲಿ ಸಹಕಾರ ಲೆಕ್ಕ ಪರಿಶೋಧನೆಯ ಪ್ರತ್ಯೇಕ ಇಲಾಖೆಯೇ ಇದೆ. ಹಾಲಿನ ಡೇರಿ, ಸೊಸೈಟಿಗೆ ಬರುವ ಇಲಾಖೆಯ ಆಡಿಟರ್ ಸಿಎ ಆಗಿರಲೇಬೇಕು ಅಂತಿಲ್ಲ. ಅವರ ಅಧಿಕಾರ ಸಹಕಾರ ಕಾಯ್ದೆಯಿಂದ ಬಂದದ್ದು. ಅದನ್ನು ನಿಮ್ಮ ಅಂಗಡಿಯ ಟ್ಯಾಕ್ಸ್ ಆಡಿಟ್‌ಗೆ ಬಳಸಲಾಗದು.

ಯುಪಿಐ ನೋಟಿಸ್ ಕಲಿಸಿದ ಪಾಠ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರೆಲ್ಲ ಗಾಬರಿಯಾದರು. ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡ್‌ಗಳು ಎದ್ದವು. ಹಾಲು, ತರಕಾರಿಯಂಥ ತೆರಿಗೆಯೇ ಇಲ್ಲದ ಮಾಲು ಮಾರುವವರಿಗೂ ನೋಟಿಸ್ ಹೋಗಿತ್ತು.

ಆಗ ಬೇಕಾಗಿದ್ದು ಲೆಕ್ಕ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಪೂರ್ತಿ ತೆರಿಗೆ ಇಲ್ಲದ ಮಾಲನ್ನೇ ಮಾರುವವರಿಗೆ ನೋಂದಣಿ ಬೇಡ. ಅಂಗಡಿಯ ಕ್ಯೂಆರ್ ಕೋಡಿಗೆ ಬಂದದ್ದರಲ್ಲಿ ಎಷ್ಟು ವ್ಯಾಪಾರದ್ದು, ಎಷ್ಟು ಕೈಗಡ ವಾಪಸ್ ಬಂದದ್ದು, ಎಷ್ಟು ಮನೆಯವರು ಕಳಿಸಿದ್ದು, ಎಷ್ಟು ವಿನಾಯಿತಿ ಮಾಲಿನದ್ದು ಅಂತ ಬಿಡಿಸಿ ತೋರಿಸಬೇಕು. ಇದನ್ನು ಸಿಎ ಮಾಡಬಹುದು, ಪ್ರಾಕ್ಟೀಷನರ್ ಮಾಡಬಹುದು. ಆದರೆ ಖರೀದಿ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ನಿಮ್ಮ ಕೈಯಲ್ಲಿ ಇರದಿದ್ದರೆ ಎಂಥ ಸಿಎ ಬಂದರೂ ಏನೂ ಮಾಡಲಾಗದು.

ಅದೇ ತಿಂಗಳು ಆದಾಯ ತೆರಿಗೆ ಇಲಾಖೆ, ಸುಳ್ಳು ಕಡಿತ ತೋರಿಸಿ ರಿಫಂಡ್ ಕೊಡಿಸುತ್ತಿದ್ದ ಮಧ್ಯವರ್ತಿಗಳ ಮೇಲೆ ದೇಶದ ಹಲವು ಕಡೆ ಪರಿಶೀಲನೆ ನಡೆಸಿತ್ತು. ಕೊಡದ ದೇಣಿಗೆ, ಕಟ್ಟದ ಬಾಡಿಗೆ, ಇಲ್ಲದ ಸಾಲದ ಬಡ್ಡಿ ತೋರಿಸಿ ‘ಇಷ್ಟು ರಿಫಂಡ್ ಕೊಡಿಸ್ತೀವಿ, ಅದರಲ್ಲಿ ನಮಗಿಷ್ಟು’ ಅನ್ನುವ ಜನ ಅವರು. ಪರ್ಸೆಂಟೇಜ್ ಮೇಲೆ ರಿಫಂಡ್ ಮಾಡಿಸುತ್ತೇನೆ ಅನ್ನುವವರು ಯಾವ ಬೋರ್ಡ್ ಹಾಕಿಕೊಂಡಿದ್ದರೂ ದೂರ ಇರಿ. ನಾಳೆ ನೋಟಿಸ್ ಬರುವುದು ನಿಮ್ಮ ಪ್ಯಾನ್ ನಂಬರಿಗೆ.

ಸಹಿ ಅಸಲಿಯೋ ನಕಲಿಯೋ? ಎರಡು ನಿಮಿಷದಲ್ಲಿ ನೋಡಿ

ಸಿಎ ಸೀಲು ಮಾಡಿಸುವುದು ಕಷ್ಟವೇನಲ್ಲ. ಅದಕ್ಕೇ ಐಸಿಎಐ 2019ರಿಂದ ಯುಡಿಐಎನ್ ಅನ್ನುವ ವ್ಯವಸ್ಥೆ ಕಡ್ಡಾಯ ಮಾಡಿದೆ. ಸಿಎ ಸಹಿ ಹಾಕುವ ಪ್ರತಿ ಪ್ರಮಾಣಪತ್ರಕ್ಕೆ, ಪ್ರತಿ ಆಡಿಟ್ ವರದಿಗೆ 18 ಅಂಕಿ ಅಕ್ಷರಗಳ ಒಂದು ನಂಬರ್ ಇರಬೇಕು. ಮೊದಲ ಎರಡು ಅಂಕಿ ವರ್ಷ, ಮುಂದಿನ ಆರು ಆ ಸಿಎಯ ಸದಸ್ಯತ್ವ ಸಂಖ್ಯೆ, ಉಳಿದ ಹತ್ತು ಗಣಕದಿಂದ ಬಂದದ್ದು.

ಐಸಿಎಐನ ಯುಡಿಐಎನ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಈ ನಂಬರ್ ಹಾಕಿ ಪರಿಶೀಲಿಸಬಹುದು. ಬ್ಯಾಂಕಿನವರು ಅದನ್ನೇ ಮಾಡುತ್ತಾರೆ. ನಂಬರ್ ತಾಳೆಯಾಗದಿದ್ದರೆ ಫೈಲು ಅಲ್ಲೇ ನಿಲ್ಲುತ್ತದೆ. ಕಾಗದ ಕೈಗೆ ಬಂದ ದಿನವೇ ಮೂರು ಸಂಗತಿ ನೋಡಿಕೊಳ್ಳಿ: ಯುಡಿಐಎನ್ ಇದೆಯಾ, ಅದರೊಳಗಿನ ಆರು ಅಂಕಿ ಸೀಲಿನಲ್ಲಿರುವ ಸದಸ್ಯತ್ವ ಸಂಖ್ಯೆಗೆ ಹೊಂದುತ್ತಾ, ಪೋರ್ಟಲ್‌ನಲ್ಲಿ ತೋರಿಸುವ ವಿವರ ನಿಮ್ಮದೇನಾ.

ಸಿಎ ಆಗದವರು ತಮ್ಮನ್ನು ಚಾರ್ಟರ್ಡ್ ಅಕೌಂಟೆಂಟ್ ಅಂತ ಕರೆದುಕೊಳ್ಳುವುದು 1949ರ ಕಾಯ್ದೆಯಡಿ ಅಪರಾಧ. ನಿಜವಾದ ಸಿಎ ತಪ್ಪು ಮಾಡಿದರೆ ಐಸಿಎಐನ ಶಿಸ್ತು ವಿಭಾಗಕ್ಕೆ ದೂರು ಕೊಡಬಹುದು. ತಪ್ಪು ಸಾಬೀತಾದರೆ ಸದಸ್ಯತ್ವವನ್ನೇ ತೆಗೆಯುವ ಅಧಿಕಾರ ಸಂಸ್ಥೆಗಿದೆ. ಸಿಎ ಅಲ್ಲದವರ ಮೇಲೆ ಆ ಸಂಸ್ಥೆ ಶಿಸ್ತು ಕ್ರಮ ತೆಗೆದುಕೊಳ್ಳುವ ಹಾಗಿಲ್ಲ, ಅಲ್ಲಿ ಪೊಲೀಸು, ಕೋರ್ಟು, ಗ್ರಾಹಕ ಆಯೋಗವೇ ದಾರಿ. ಲೈಸೆನ್ಸ್ ಇದ್ದವರ ಹತ್ರ ಹೋಗುವುದರ ಒಂದು ಲಾಭ ಇದು.

ಅಮೆರಿಕದ ಸಿಪಿಎಯನ್ನು ಪರೀಕ್ಷಿಸುವುದೂ ಸುಲಭ. ಅಲ್ಲಿನ ರಾಜ್ಯ ಬೋರ್ಡ್‌ಗಳ ವೆಬ್‌ಸೈಟ್‌ನಲ್ಲಿ, ‘ಸಿಪಿಎ ವೆರಿಫೈ’ ಅನ್ನುವ ಉಚಿತ ತಾಣದಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ವಿವರ ಸಿಗುತ್ತದೆ. ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಳ್ಳದವರೂ ಇರುತ್ತಾರೆ. ಪರೀಕ್ಷೆ ಪಾಸಾಗಿದ್ದರೂ ಲೈಸೆನ್ಸ್ ಇಲ್ಲದಿದ್ದರೆ ಅಲ್ಲಿ ಸಿಪಿಎ ಅಂತ ಹೇಳಿಕೊಂಡು ಸಹಿ ಹಾಕುವಂತಿಲ್ಲ.

ಮಕ್ಕಳು ಅಮೆರಿಕದಲ್ಲಿ ಇದ್ದರೆ

ಊರಿನಲ್ಲಿದ್ದುಕೊಂಡು ನಮಗೂ ಸಿಪಿಎಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಬರುವುದು ಹೀಗೆ.

ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು, ಎಚ್-1ಬಿ ವೀಸಾದಲ್ಲಿದ್ದು ಅಲ್ಲಿನ ತೆರಿಗೆ ನಿವಾಸಿ ಅನ್ನಿಸಿಕೊಂಡವರು ಜಗತ್ತಿನ ಎಲ್ಲಾ ಕಡೆಯ ಆದಾಯವನ್ನು ಅಲ್ಲಿ ತೋರಿಸಬೇಕು. ಊರಿನ ಮನೆಯ ಬಾಡಿಗೆ, ಇಲ್ಲಿನ ಎಫ್‌ಡಿ ಬಡ್ಡಿ ಎಲ್ಲವೂ ಅದರೊಳಗೆ ಬರುತ್ತದೆ. ಜೊತೆಗೆ ಅಮೆರಿಕದ ಹೊರಗಿನ ಖಾತೆಗಳಲ್ಲಿ ವರ್ಷದ ಯಾವುದೇ ಒಂದು ದಿನ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಅನ್ನುವ ಪ್ರತ್ಯೇಕ ವರದಿ ಸಲ್ಲಿಸಬೇಕು.

ನಮ್ಮ ಮನೆಗಳಲ್ಲಿ ಅಪ್ಪನ ಎಫ್‌ಡಿಗೆ ಮಗನ ಹೆಸರು ಜಂಟಿಯಾಗಿ ಸೇರಿಸುವುದು ಸಾಮಾನ್ಯ. ‘ನಾಳೆ ನಾನಿಲ್ಲದಿದ್ರೆ ತೊಂದರೆ ಆಗಬಾರ್ದು’ ಅಂತ ಅಪ್ಪ ಮಾಡಿಸಿರುತ್ತಾರೆ. ದುಡ್ಡು ಪೂರ್ತಿ ಅಪ್ಪನದ್ದೇ ಆದರೂ ಮಗನ ಹೆಸರು ಖಾತೆಯಲ್ಲಿ ಇರುವುದರಿಂದ ಎಫ್‌ಬಿಎಆರ್ ಲೆಕ್ಕಕ್ಕೆ ಅದೂ ಬರುತ್ತದೆ. ಗೊತ್ತಿಲ್ಲದೆ ಬಿಟ್ಟರೂ ಅಲ್ಲಿ ದಂಡ ದೊಡ್ಡದು. ಮಕ್ಕಳ ಹೆಸರು ಸೇರಿಸಿದ್ದರೆ ಅವರಿಗೆ ತಿಳಿಸಿ, ವರ್ಷಕ್ಕೊಮ್ಮೆ ಬಡ್ಡಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ.

ಇಲ್ಲಿ ಕೆಲಸ ಹಂಚಿಕೆ ಸ್ಪಷ್ಟ. ಅಮೆರಿಕದ ರಿಟರ್ನ್‌ಗೆ ಸಿಪಿಎ ಅಥವಾ ಅಲ್ಲಿನ ತೆರಿಗೆ ಇಲಾಖೆ ಮಾನ್ಯ ಮಾಡಿದ ‘ಎನ್‌ರೋಲ್ಡ್ ಏಜೆಂಟ್’. ಭಾರತದ ರಿಟರ್ನ್, ಟಿಡಿಎಸ್, ಬಾಡಿಗೆ ಲೆಕ್ಕಕ್ಕೆ ನಮ್ಮ ಸಿಎ. ಒಂದೇ ಆದಾಯಕ್ಕೆ ಎರಡೂ ಕಡೆ ಪೂರ್ತಿ ತೆರಿಗೆ ಬೀಳದಂತೆ ಎರಡು ದೇಶಗಳ ನಡುವೆ 1989ರ ಒಪ್ಪಂದ ಇದೆ. ಅದರ ಲಾಭ ಸಿಗಬೇಕಾದರೆ ಇಬ್ಬರ ಲೆಕ್ಕವೂ ಒಂದಕ್ಕೊಂದು ತಾಳೆಯಾಗಬೇಕು.

ಸೈಟು, ಮನೆ ಕೊಳ್ಳುವವರಿಗೂ ಒಂದು ಎಚ್ಚರಿಕೆ. ಮಾರುವವರು ಹೊರದೇಶದಲ್ಲಿ ನೆಲೆಸಿದ ಎನ್‌ಆರ್‌ಐ ಆಗಿದ್ದರೆ, ಊರಿನವರಿಂದ ಕೊಳ್ಳುವಾಗ ಹಿಡಿಯುವ ಶೇ 1ರ ಟಿಡಿಎಸ್ ಸಾಲದು. ಎನ್‌ಆರ್‌ಐ ಮಾರಾಟಕ್ಕೆ ದರ ಅದಕ್ಕಿಂತ ತುಂಬಾ ಜಾಸ್ತಿ, ಹಿಡಿದು ಕಟ್ಟುವ ಹೊಣೆ ಕೊಳ್ಳುವವರದ್ದು. ಕಟ್ಟದಿದ್ದರೆ ಆಸ್ತಿ ಕೈಗೆ ಬಂದ ಮೇಲೆ ನೋಟಿಸ್ ಕೂಡ ಕೈಗೆ ಬರುತ್ತದೆ. ಕೃಷಿ ಜಮೀನಿಗೆ ನಿಯಮ ಬೇರೆ. ಮುಂಗಡ ಕೊಡುವ ಮುಂಚೆಯೇ ಸಿಎ ಹತ್ರ ಒಂದು ಮಾತು ಕೇಳಿ. ನೋಂದಣಿ ದಿನ ಕೇಳಿದರೆ ತಡವಾಗಿರುತ್ತದೆ.

ಓದುವ ಮಕ್ಕಳಿಗೆ: ಸಿಎಯೋ, ಸಿಪಿಎಯೋ?

ಸಿಎ ದಾರಿ ಪಿಯುಸಿಯಿಂದಲೇ ಶುರು. ಯಾವ ವಿಭಾಗದಲ್ಲಿ ಪಿಯುಸಿ ಮಾಡಿದ್ದರೂ ಫೌಂಡೇಷನ್ ಪರೀಕ್ಷೆ ಬರೆಯಬಹುದು. ಅದು 4 ಪೇಪರ್. ನಂತರ ಇಂಟರ್‌ಮೀಡಿಯೆಟ್ 6 ಪೇಪರ್, ಫೈನಲ್ 6 ಪೇಪರ್. ಮಧ್ಯೆ ಪ್ರಾಕ್ಟೀಸ್ ಮಾಡುವ ಸಿಎ ಹತ್ರ 2 ವರ್ಷ ಆರ್ಟಿಕಲ್‌ಶಿಪ್. ಮೊದಲು ಇದು 3 ವರ್ಷ ಇತ್ತು. ಪ್ರತಿ ಪೇಪರಿನಲ್ಲಿ 40, ಒಟ್ಟಾರೆ ಶೇ 50 ಬರಬೇಕು. ಪದವಿ ಮುಗಿಸಿದವರಲ್ಲಿ ಕಾಮರ್ಸ್‌ನವರಿಗೆ ಶೇ 55, ಬೇರೆಯವರಿಗೆ ಶೇ 60 ಅಂಕ ಇದ್ದರೆ ಫೌಂಡೇಷನ್ ಬಿಟ್ಟು ನೇರ ಪ್ರವೇಶ ಇದೆ. ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲ ಆರು ತಿಂಗಳು ಭಾಷೆಗೇ ಮೀಸಲಿಡಬೇಕಾಗಬಹುದು, ಅದರಿಂದ ಎದೆಗುಂದಬೇಕಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಉಡುಪಿ, ಬಳ್ಳಾರಿಯಂಥ ಊರುಗಳಲ್ಲಿ ಐಸಿಎಐ ಶಾಖೆಗಳಿವೆ.

ಸಿಎ ಓದಿನ ಶುಲ್ಕ ಕಡಿಮೆ, ತಾಳ್ಮೆಯ ಖರ್ಚು ಜಾಸ್ತಿ. ಒಂದೇ ಪ್ರಯತ್ನದಲ್ಲಿ ಎಲ್ಲ ಪಾಸಾಗುವವರು ಕಡಿಮೆ. ಆರ್ಟಿಕಲ್‌ಶಿಪ್‌ನಲ್ಲಿ ಸ್ವಲ್ಪ ಸ್ಟೈಪೆಂಡ್ ಸಿಗುತ್ತದೆ.

ಸಿಪಿಎ ಪರೀಕ್ಷೆ 4 ಭಾಗ. ಆಡಿಟ್, ಹಣಕಾಸು ವರದಿ, ತೆರಿಗೆ ಮತ್ತು ಕಾನೂನು, ಈ ಮೂರು ಎಲ್ಲರಿಗೂ. ನಾಲ್ಕನೆಯದು ಮೂರು ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು. ಈ ಪದ್ಧತಿ 2024ರಿಂದ ಬಂದಿದೆ. ಪ್ರತಿ ಭಾಗ 4 ಗಂಟೆ, ಪಾಸಾಗಲು 75 ಅಂಕ. ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರ ಇದೆ, ಅಮೆರಿಕಕ್ಕೆ ಹೋಗಬೇಕಿಲ್ಲ. ಆದರೆ ಶುಲ್ಕ ಡಾಲರ್‌ನಲ್ಲಿ. ಕೋಚಿಂಗ್ ಸೇರಿದರೆ ಲಕ್ಷಗಳ ಮಾತು.

ಇಲ್ಲೊಂದು ಮುಖ್ಯ ತೊಡಕು. ಲೈಸೆನ್ಸಿಗೆ ಅಮೆರಿಕದಲ್ಲಿ ಹೆಚ್ಚಾಗಿ 150 ಕ್ರೆಡಿಟ್ ಗಂಟೆಯ ಓದು ಮತ್ತು ಕೆಲಸದ ಅನುಭವ ಕೇಳುತ್ತಾರೆ. ಇತ್ತೀಚೆಗೆ ಕೆಲವು ರಾಜ್ಯಗಳು ಪದವಿಯ ಜೊತೆ 2 ವರ್ಷ ಅನುಭವ ಇದ್ದರೂ ಸಾಕು ಅನ್ನುವ ದಾರಿ ತೆರೆದಿವೆ. ನಮ್ಮ ಮೂರು ವರ್ಷದ ಬಿಕಾಂ ಒಂದೇ ಹಲವು ರಾಜ್ಯಗಳಿಗೆ ಸಾಲದು. ಎಂಕಾಂ, ಎಂಬಿಎ ಅಥವಾ ಸಿಎ ಜೊತೆಗಿದ್ದರೆ ಅನುಕೂಲ. ಕೋಚಿಂಗ್ ಫೀ ಕಟ್ಟುವ ಮುಂಚೆ ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಿ, ಯಾವ ರಾಜ್ಯದ ಬೋರ್ಡ್‌ಗೆ ಅರ್ಹತೆ ಬರುತ್ತೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ‘ಸೇರ್ಕೊಳ್ಳಿ, ಆಮೇಲೆ ನೋಡೋಣ’ ಅಂದರೆ ಅಪ್ಪ ಸಾಲ ಮಾಡಿ ಕಟ್ಟಿದ ದುಡ್ಡು ಅಲ್ಲೇ ನಿಲ್ಲಬಹುದು.

ಯಾವುದು ಒಳ್ಳೆಯದು ಅನ್ನುವುದು ಎಲ್ಲಿ ಕೆಲಸ ಮಾಡಬೇಕು ಅನ್ನುವುದರ ಮೇಲೆ ನಿಂತಿದೆ. ಊರಿನಲ್ಲಿ ಅಥವಾ ಜಿಲ್ಲಾ ಕೇಂದ್ರದಲ್ಲಿ ಸ್ವಂತ ಆಫೀಸು ಇಟ್ಟು ಆಡಿಟ್ ಮಾಡಬೇಕೆಂದರೆ ಸಿಎ ಬಿಟ್ಟು ಬೇರೆ ದಾರಿ ಇಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗಳ ಲೆಕ್ಕ, ಅಲ್ಲಿನ ತೆರಿಗೆ ಕೆಲಸ ಮಾಡುವ ಕಚೇರಿಗಳಿಗೆ ಸೇರಬೇಕೆಂದರೆ ಸಿಪಿಎಗೆ ಬೆಲೆ ಇದೆ. ಸಿಎ ಮುಗಿಸಿ ಆಮೇಲೆ ಸಿಪಿಎ ಮಾಡುವವರೂ ಇದ್ದಾರೆ.

ಯಾರ ಹತ್ರ ಹೋದರೂ ಇವು ನಿಮ್ಮ ಕೈಯಲ್ಲಿರಲಿ

ಒಂದು: ಜಿಎಸ್‌ಟಿ ಮತ್ತು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಇರುವ ಮೊಬೈಲ್ ನಂಬರ್, ಇ-ಮೇಲ್ ನಿಮ್ಮದೇ ಆಗಿರಲಿ. ಎಷ್ಟೋ ಅಂಗಡಿಗಳ ನೋಂದಣಿಯಲ್ಲಿ ರಿಟರ್ನ್ ಹಾಕುವವರ ನಂಬರ್ ಇರುತ್ತದೆ. ನೋಟಿಸ್ ಬಂದದ್ದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅವರ ಜೊತೆ ಮನಸ್ತಾಪ ಬಂದರೆ ಪಾಸ್‌ವರ್ಡೂ ಸಿಗಲ್ಲ.

ಎರಡು: ಪ್ರತಿ ತಿಂಗಳ ರಿಟರ್ನ್ ಪ್ರತಿ, ಹಣ ಕಟ್ಟಿದ ಚಲನ್ ಪ್ರತಿ ಕೇಳಿ ಇಟ್ಟುಕೊಳ್ಳಿ. ತೆರಿಗೆ ಹಣವನ್ನು ಅವರ ಖಾತೆಗೆ ಹಾಕುವ ಬದಲು ನಿಮ್ಮ ಖಾತೆಯಿಂದಲೇ ನೇರ ಕಟ್ಟಿ.

ಮೂರು: ವ್ಯಾಪಾರ ಇಲ್ಲದ ತಿಂಗಳೂ ನಿಲ್ ರಿಟರ್ನ್ ಹಾಕಿ. ಮಾಸಿಕ ಜಿಎಸ್‌ಟಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ, ನಿಲ್ ಆದರೆ 20 ರೂಪಾಯಿ ಲೇಟ್ ಫೀ. ದಿನಕ್ಕೆ ಚಿಕ್ಕದು, ವರ್ಷಕ್ಕೆ ಚಿಕ್ಕದಲ್ಲ.

ನಾಲ್ಕು: ಡಿಜಿಟಲ್ ಸಹಿಯ ಪೆನ್‌ಡ್ರೈವ್ ನಿಮ್ಮ ಹತ್ರ ಇರಲಿ. ಅದು ನಿಮ್ಮ ಸಹಿಗೆ ಸಮ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವವರು ಯಾರೂ ಇಲ್ಲ ತಾನೇ?

ಐದು: ಫೀ ಎಷ್ಟು, ಅದರಲ್ಲಿ ಏನೇನು ಕೆಲಸ ಸೇರಿದೆ ಅಂತ ವರ್ಷದ ಆರಂಭದಲ್ಲೇ ಮಾತಾಡಿ, ರಸೀದಿ ಪಡೆಯಿರಿ.

ಕೊನೆಗೆ, ಕೌಂಟರ್ ಪಕ್ಕ ಅಂಟಿಸಿಡಬಹುದಾದ ನಾಲ್ಕು ಪ್ರಶ್ನೆ. ಈ ಕೆಲಸಕ್ಕೆ ಕಾನೂನು ಸಿಎ ಸಹಿ ಕೇಳುತ್ತಾ? ಹೌದಾದರೆ ಸಹಿ ಹಾಕುವವರಿಗೆ ಪ್ರಾಕ್ಟೀಸ್ ಸರ್ಟಿಫಿಕೇಟ್ ಇದೆಯಾ? ಕಾಗದದ ಮೇಲೆ ಯುಡಿಐಎನ್ ಇದೆಯಾ? ಲೆಕ್ಕ ಅಮೆರಿಕದ್ದಾದರೆ ಅಲ್ಲಿನ ಲೈಸೆನ್ಸ್ ಚಾಲ್ತಿಯಲ್ಲಿದೆಯಾ? ಕೇಳಿದರೆ ಒಳ್ಳೆಯ ಆಡಿಟರ್ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರವೇ.